ನಲವತ್ತರ ಮೇಲೆ ಫೇಲಾದರೆ ನಾಚಿಕೆ ಯಾಕೆ?

'ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ನಿನಗೆ?'

ನಲವತ್ತು ದಾಟಿದ ಗೃಹಿಣಿ ಹೊಸದೇನಾದರೂ ಕಲಿಯಲು ಹೊರಟರೆ ಮನೆಯಲ್ಲಿ ಕೇಳಿಬರುವ ಮೊದಲ ಮಾತು ಇದು. ಹೇಳಿದವರಿಗೆ ಅದು ತಮಾಷೆ ಇರಬಹುದು. ಆದರೆ ಸ್ಕೂಟರ್ ಟೆಸ್ಟ್‌ನಲ್ಲಿ ಕಾಲು ನೆಲಕ್ಕೆ ತಾಗಿಸಿ, ಫೇಲಾಗಿ ಮನೆಗೆ ಬಂದ ದಿನವೇ ಈ ಮಾತು ಕಿವಿಗೆ ಬಿದ್ದರೆ? ಹೆಲ್ಮೆಟ್ ಅಟ್ಟ ಸೇರುತ್ತದೆ. ಎಲ್‌ಎಲ್ ಅವಧಿ ಮುಗಿದುಹೋಗುತ್ತದೆ. ಆಮೇಲೆ ಯಾರಾದರೂ ಕೇಳಿದರೆ, 'ಅದೆಲ್ಲ ನಮಗೆ ಆಗಿಬರಲ್ಲ ಬಿಡ್ರೀ' ಎಂದು ನಾವೇ ಹೇಳಲು ಶುರು ಮಾಡುತ್ತೇವೆ.

ಹೀಗೆ ಕೈಬಿಟ್ಟಿದ್ದಕ್ಕೆ ಬೆಲೆ ತೆರುವುದು ಮುಂದೆ. ಮಕ್ಕಳು ಓದು, ಕೆಲಸ ಎಂದು ಊರು ಬಿಟ್ಟಿರುತ್ತಾರೆ. ಯಜಮಾನರಿಗೆ ಬಿಪಿ, ಶುಗರ್. ಅರ್ಧರಾತ್ರಿ ಆಸ್ಪತ್ರೆಗೆ ಓಡಬೇಕಾಗಿ ಬಂದರೆ, ಮನೆ ಮುಂದೆ ಕಾರಿದ್ದೂ ಪಕ್ಕದ ಮನೆಯವರ ಬಾಗಿಲು ಬಡಿಯಬೇಕು. ಮೊಬೈಲ್‌ನಲ್ಲಿ ಕರೆಂಟ್ ಬಿಲ್ ಕಟ್ಟಲೂ ಮಗನ ಬಿಡುವು ನೋಡಬೇಕು. ಅಂದು ಒಂದು ಸೋಲಿಗೆ ನಾಚಿಕೊಂಡವರು ಇಂದು ಎಲ್ಲದಕ್ಕೂ ಇನ್ನೊಬ್ಬರ ಮುಖ ನೋಡುವಂತಾಗುತ್ತದೆ.

ಮಕ್ಕಳಿಗಿಲ್ಲದ ಸಂಕೋಚ

ಸೈಕಲ್ ಕಲಿಯುವ ಮಗು ಹತ್ತು ಸಲ ಬೀಳುತ್ತದೆ, ಮಂಡಿ ಒರೆಸಿಕೊಂಡು ಮತ್ತೆ ಹತ್ತುತ್ತದೆ. ನಮಗೆ ಹಾಗಾಗುವುದಿಲ್ಲ. ಇಪ್ಪತ್ತು ವರ್ಷ ಮನೆ ನಡೆಸಿದವರು ನಾವು. ಕಣ್ಣಳತೆಯಲ್ಲೇ ಉಪ್ಪು ಹಾಕುತ್ತೇವೆ, ಕುಕ್ಕರ್ ಸದ್ದು ಕೇಳಿಯೇ ಬೇಳೆ ಬೆಂದಿದೆಯೋ ಇಲ್ಲವೋ ಹೇಳುತ್ತೇವೆ. ಅಂಥವರು ಮಗನ ವಯಸ್ಸಿನ ಹುಡುಗನ ಪಕ್ಕ ಕುಳಿತು 'ಮೇಡಂ, ಕ್ಲಚ್ ಬಿಡ್ಬೇಡಿ' ಎಂದು ಅನ್ನಿಸಿಕೊಳ್ಳುವುದು ಸುಲಭವಲ್ಲ. ಜೊತೆಗೆ ನೋಡುವವರೂ ಜಾಸ್ತಿ. ಗಂಡ, ಮಕ್ಕಳು, ಅತ್ತೆ, ಎದುರುಮನೆಯಾಕೆ!

ಸ್ವಲ್ಪ ಹಿಂದೆ ತಿರುಗಿ ನೋಡಿ. ಮದುವೆಯಾದ ಹೊಸದರಲ್ಲಿ ನಿಮ್ಮ ಹೋಳಿಗೆ ಹರಿಯಲಿಲ್ವಾ? ಸಾರು ಉಪ್ಪಾಗಲಿಲ್ವಾ? ಆದರೆ ಮಾರನೇ ದಿನವೂ ಅಡುಗೆ ಆಗಲೇಬೇಕಿತ್ತು. ಹಾಗಾಗಿ ಮತ್ತೆ ಮಾಡಿದಿರಿ, ಕೈ ಪಳಗಿತು. ಅಡುಗೆಯಲ್ಲಿ ಸೋಲು ನಿಮ್ಮನ್ನು ನಿಲ್ಲಿಸಲಿಲ್ಲ, ಏಕೆಂದರೆ ಅಲ್ಲಿ ನಿಲ್ಲಲು ಅವಕಾಶವೇ ಇರಲಿಲ್ಲ. ಒಲೆಯ ಮುಂದೆ ಸಿಕ್ಕ ಆ 'ಮಾರನೇ ದಿನ'ವನ್ನು ಬೇರೆ ಕಲಿಕೆಗೂ ಕೊಟ್ಟು ನೋಡಿ.

ವಯಸ್ಸಾದಂತೆ ಹೊಸದನ್ನು ಗ್ರಹಿಸುವ ವೇಗ ಸ್ವಲ್ಪ ತಗ್ಗುವುದು ನಿಜ. ಆದರೆ ಪದಸಂಪತ್ತು, ಲೋಕಜ್ಞಾನ ಅಷ್ಟು ಬೇಗ ಕುಗ್ಗುವುದಿಲ್ಲ. ಮಗಳಿಗೆ ಎರಡು ದಿನ ಹಿಡಿದದ್ದು ನಿಮಗೆ ಎಂಟು ದಿನ ಹಿಡಿಯಬಹುದು, ಅಷ್ಟೇ.

ಕಾನೂನಿಗೇ ಬೇಸರವಿಲ್ಲ!

ಲರ್ನರ್ ಲೈಸೆನ್ಸ್‌ಗೆ 6 ತಿಂಗಳ ಅವಧಿ ಇದೆ. ಅದು ಸಿಕ್ಕಿ 30 ದಿನದ ಮೇಲೆ ಟೆಸ್ಟ್ ಕೊಡಬಹುದು. ಫೇಲಾದರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲವೂ ಆಗದಿದ್ದರೆ 60 ದಿನ ಕಾಯಬೇಕು. ಅಂದರೆ ಜನ ಫೇಲಾಗುತ್ತಾರೆ, ಮತ್ತೆ ಬರುತ್ತಾರೆ ಎಂದು ತಿಳಿದೇ ಈ ನಿಯಮ ಮಾಡಿದ್ದಾರೆ.

ಅರ್ಧಕ್ಕೆ ಬಿಟ್ಟ ಓದಿನ ಕಥೆಯೂ ಅಷ್ಟೇ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ (ಎನ್‌ಐಒಎಸ್) ಹತ್ತನೇ ತರಗತಿಗೆ ಸೇರಲು ಗರಿಷ್ಠ ವಯೋಮಿತಿ ಇಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ 5 ವರ್ಷದಲ್ಲಿ 9 ಸಲ ಪರೀಕ್ಷೆ ಬರೆಯಬಹುದು. ಪಾಸಾದ ವಿಷಯದ ಅಂಕ ಹಾಗೇ ಉಳಿಯುತ್ತದೆ. ನಮ್ಮ ರಾಜ್ಯದಲ್ಲೂ 2024ರಲ್ಲಿ ಎಸ್ಸೆಸ್ಸೆಲ್ಸಿಗೆ 'ಸಪ್ಲಿಮೆಂಟರಿ' ಎಂಬ ಹೆಸರನ್ನೇ ಬಿಟ್ಟು ಪರೀಕ್ಷೆ-1, 2, 3 ಎಂದು ನಡೆಸಿದರು. ಆ ಹೆಸರಿನ ಅವಮಾನ ಏನೆಂದು ಅನುಭವಿಸಿದವರಿಗೇ ಗೊತ್ತು, ಅಲ್ವಾ?

960ನೇ ಸಲ ಪಾಸ್

ದಕ್ಷಿಣ ಕೊರಿಯಾದ ಚಾ ಸಾ-ಸೂನ್ ಎಂಬ ಅಜ್ಜಿಯ ಹೆಸರು ಕೇಳಿದ್ದೀರಾ? ತರಕಾರಿ ಮಾರಿ ಬದುಕುತ್ತಿದ್ದಾಕೆ. 2005ರಲ್ಲಿ ಡ್ರೈವಿಂಗ್ ಲೈಸೆನ್ಸ್‌ನ ಲಿಖಿತ ಪರೀಕ್ಷೆ ಬರೆಯಲು ಶುರು ಮಾಡಿದರು. ಪಾಸಾಗಲು ನೂರಕ್ಕೆ 60 ಅಂಕ ಬೇಕು. ಹೆಚ್ಚು ಓದಿಲ್ಲದ ಆಕೆಗೆ ಪುಸ್ತಕದ ಪಾರಿಭಾಷಿಕ ಪದಗಳೇ ಅರ್ಥವಾಗುತ್ತಿರಲಿಲ್ಲ. 949 ಸಲ ಫೇಲಾದರು. 2009ರ ನವೆಂಬರ್‌ನಲ್ಲಿ 950ನೇ ಸಲ ಪಾಸ್! ಆಮೇಲೆ ವಾಹನ ಓಡಿಸುವ ಪರೀಕ್ಷೆಗೂ ಕೆಲವು ಸಲ ಹೋಗಬೇಕಾಯಿತು. ಒಟ್ಟು 960 ಪ್ರಯತ್ನದ ನಂತರ 2010ರಲ್ಲಿ ಲೈಸೆನ್ಸ್ ಕೈಗೆ ಬಂದಾಗ ಅವರಿಗೆ 69 ವರ್ಷ. ಅಲ್ಲಿನ ಕಾರು ಕಂಪನಿಯೊಂದು ಅವರಿಗೆ ಕಾರನ್ನೇ ಉಡುಗೊರೆ ಕೊಟ್ಟಿತು.

ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ತೆಗೆದರು. ನಲವತ್ತೈದಕ್ಕೇ 'ವಯಸ್ಸಾಯ್ತು' ಅನ್ನುವ ನಾವು ಇವರನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಎಲ್ಲರೂ 960 ಸಲ ಪ್ರಯತ್ನಿಸಬೇಕಿಲ್ಲ ಬಿಡಿ. ತಪ್ಪಿದ್ದೆಲ್ಲಿ ಎಂದು ನೋಡಿಕೊಂಡು ಮತ್ತೆ ಕೈಹಾಕಿದರೆ ಬಹಳ ಸಲ ಮೂರನೆಯದೋ ನಾಲ್ಕನೆಯದೋ ಸಾಕಾಗುತ್ತದೆ.

ಹೀಗೆ ಮಾಡಿ ನೋಡಿ

* ಫೇಲಾದ ದಿನ ಯಾವ ತೀರ್ಮಾನವೂ ಬೇಡ. ಕಾಫಿ ಕುಡಿದು ಮಲಗಿ. ಬಿಡುವುದೇ ಆದರೂ ಅದನ್ನು ಮನಸ್ಸು ತಣ್ಣಗಾದ ದಿನ ನಿರ್ಧರಿಸಿ.

* 'ನನಗೆ ಬರಲ್ಲ' ಎನ್ನುವ ಬದಲು ಯಾವುದು ಬರಲಿಲ್ಲ ಎಂದು ಬರೆದಿಡಿ. 'ರಿವರ್ಸ್ ತೆಗೆಯುವಾಗ ಎಡಗಡೆ ಅಂದಾಜು ಸಿಗಲಿಲ್ಲ' ಎಂದು ಬರೆದರೆ, ನಾಳೆ ಏನು ಅಭ್ಯಾಸ ಮಾಡಬೇಕೆಂದು ತಾನಾಗಿ ಗೊತ್ತಾಗುತ್ತದೆ.

* ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಒಳ್ಳೆಯದು. ನಡುನಡುವೆ ಬಿಡುವು ಕೊಟ್ಟು ಕಲಿತದ್ದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

* ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮುಂದಿನ ಪರೀಕ್ಷೆಯ ದಿನಾಂಕಕ್ಕೂ ಒಂದು ಗುರುತು ಹಾಕಿ.

* ತಪ್ಪಾದರೂ ಪರವಾಗಿಲ್ಲ ಎನ್ನುವಂಥ ಕಡೆ ಕಲಿಯಿರಿ. ಗಾಡಿಯಾದರೆ ಮೊದಲು ಖಾಲಿ ಮೈದಾನ, ಎಲ್ ಬೋರ್ಡ್, ಪಕ್ಕದಲ್ಲಿ ಲೈಸೆನ್ಸ್ ಇರುವವರು. ಮೊಬೈಲ್‌ನಲ್ಲಿ ಹಣ ಕಳಿಸುವುದಾದರೆ ಮೊದಲು ಮಗಳಿಗೆ ಹತ್ತು ರೂಪಾಯಿ ಕಳಿಸಿ ನೋಡಿ. ಪಿನ್, ಒಟಿಪಿ ಮಾತ್ರ ಯಾರಿಗೂ ಹೇಳಬೇಡಿ.

* ಫೇಲಾದದ್ದನ್ನು ಮನೆಯವರಿಂದ ಮುಚ್ಚಿಡಬೇಡಿ. 'ಈ ಸಲ ಆಗಲಿಲ್ಲ, ಮುಂದಿನ ವಾರ ಮತ್ತೆ ಹೋಗ್ತೀನಿ' ಎಂದು ಊಟದ ಹೊತ್ತಲ್ಲಿ ಹೇಳಿಬಿಡಿ.

ಈ ಕೊನೆಯ ಮಾತಿಗೆ ಇನ್ನೊಂದು ಲಾಭವೂ ಇದೆ. ಅಂಕ ಕಡಿಮೆ ಬಂದಿದೆ ಎಂದು ಮಾರ್ಕ್ಸ್ ಕಾರ್ಡ್ ಬಚ್ಚಿಡುವ ಮಕ್ಕಳು ಎಷ್ಟು ಮನೆಯಲ್ಲಿಲ್ಲ? ಅಮ್ಮ ಫೇಲಾಗಿಯೂ ನಗುತ್ತಾ ಊಟಕ್ಕೆ ಬಡಿಸಿ, ಮಾರನೇ ದಿನ ಮತ್ತೆ ಹೆಲ್ಮೆಟ್ ಹಾಕಿಕೊಂಡು ಹೊರಟದ್ದನ್ನು ಅವರು ನೋಡಲಿ. ಸೋತರೆ ಏನು ಮಾಡಬೇಕು ಎಂಬ ಪಾಠ ಯಾವ ಟ್ಯೂಷನ್‌ನಲ್ಲೂ ಸಿಗಲ್ಲ. ಅಟ್ಟದ ಮೇಲಿನ ಹೆಲ್ಮೆಟ್ ಕೆಳಗಿಳಿಸಿ, ಧೂಳು ಒರೆಸಿ.