ಹೊಸದಾಗಿ ಮೋಟಾರು ನಡೆಸುವವರಿಗೆ ತಕ್ಕ ಎಡೆ

ನಮ್ಮ ಶಾಲೆಯನ್ನು ಬಿಟ್ಟು ಎರಡು ವರ್ಷಗಳಾದ ಒಬ್ಬ ವಿದ್ಯಾರ್ಥಿನಿಯ ತಂದೆಯವರು ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಬಳಿಗೆ ಬಂದು, "ಅಮ್ಮನವರೇ, ಮಗಳಿಗೆ ಹದಿನೆಂಟು ತುಂಬಿತು. ಕಾರು ಕಲಿಸಬೇಕೆಂದಿದ್ದೇನೆ. ಊರಿನಲ್ಲಿ ಎತ್ತ ನೋಡಿದರೂ ಜನಸಂದಣಿ. ಶಾಲೆಯ ಮೈದಾನವನ್ನು ಒಂದೆರಡು ಗಂಟೆ ಕೊಡಬಹುದೇ?" ಎಂದು ಕೇಳಿದರು. ಮಕ್ಕಳು ಆಡುವ ನೆಲದ ಮೇಲೆ ಯಂತ್ರವನ್ನು ಓಡಿಸಗೊಡುವುದು ಯುಕ್ತವೋ ಎಂಬ ಶಂಕೆಯಿಂದ ನಾವು ಒಡನೆ ಒಪ್ಪಲಿಲ್ಲ. ಆದರೆ ಆ ಪ್ರಶ್ನೆಯು ನಮ್ಮ ಮನಸ್ಸನ್ನು ಬಿಡಲಿಲ್ಲ.

ಅದಕ್ಕೆ ಕಾರಣವುಂಟು. ನಾವು ಇಪ್ಪತ್ತರ ವಯಸ್ಸಿನಲ್ಲಿ ಒಂದು ಬಯಲಿನಲ್ಲಿ ನಾಲ್ಕು ದಿನ ಕಾರು ನಡೆಸಿ, ಐದನೆಯ ದಿನವೇ ಸಂತೆಯ ಬೀದಿಗೆ ಹೋದೆವು. ಏರಿನಲ್ಲಿ ಇಂಜಿನು ನಿಂತಿತು. ಕಾರು ಹಿಂದಕ್ಕೆ ಜಾರಿತು. ಹಿಂದಿದ್ದ ಬಸ್ಸಿನವನು ಬಿಡದೆ ಹಾರನ್ ಬಾರಿಸಿದನು. ಯಾರಿಗೂ ಗಾಯವಾಗಲಿಲ್ಲ. ಆದರೂ ಆ ಮೇಲೆ ಹನ್ನೊಂದು ವರ್ಷ ನಾವು ಸ್ಟೀರಿಂಗನ್ನು ಮುಟ್ಟಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಎಷ್ಟೋ ಮಂದಿ ಲೈಸೆನ್ಸನ್ನು ಪೆಟ್ಟಿಗೆಯಲ್ಲಿಟ್ಟು, ನಡುರಾತ್ರಿಯಲ್ಲಿ ಮಗುವಿಗೆ ಜ್ವರವೇರಿದಾಗ ನೆರೆಯವರ ಬಾಗಿಲನ್ನು ತಟ್ಟುವುದನ್ನು ಬಲ್ಲೆವು. ಕಲಿತ ವಿದ್ಯೆಯು ಭಯದಿಂದ ಹಾಳಾಗಬಾರದೆಂದೇ ಈ ಲೇಖನ.

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಕಾರನ್ನು ನಡೆಸುವವರಿಗೆ 18 ವರ್ಷ ತುಂಬಿರತಕ್ಕದ್ದು. 16 ತುಂಬಿದವರು ಹೆತ್ತವರ ಲಿಖಿತ ಒಪ್ಪಿಗೆಯಿಂದ 50 ಸಿ.ಸಿ. ಮೀರದ ದ್ವಿಚಕ್ರ ವಾಹನವನ್ನು ಕಲಿಯಬಹುದು. ಮನೆಮನೆಯಲ್ಲಿ ಕಾಣುವ 110 ಸಿ.ಸಿ. ಸ್ಕೂಟರು ಆ ಲೆಕ್ಕಕ್ಕೆ ಸೇರದು. 2019ರ ತಿದ್ದುಪಡಿಯಂತೆ, ಲೈಸೆನ್ಸಿಲ್ಲದ ಅಪ್ರಾಪ್ತವಯಸ್ಕರು ವಾಹನ ನಡೆಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ 25,000 ರೂಪಾಯಿ ದಂಡವೂ ಮೂರು ವರ್ಷಗಳ ವರೆಗೆ ಸೆರೆಯೂ ಆಗಬಹುದು. "ಇದು ರಸ್ತೆಯಲ್ಲ, ಬರಿಯ ಬಯಲು" ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಸಾರ್ವಜನಿಕರಿಗೆ ಪ್ರವೇಶದ ಹಕ್ಕುಳ್ಳ ಯಾವ ಸ್ಥಳವೂ ಕಾನೂನಿನ ಕಣ್ಣಿಗೆ ಸಾರ್ವಜನಿಕ ಸ್ಥಳವೇ ಸರಿ. ಆದುದರಿಂದ ಕಲಿಯುವವರ ಲೈಸೆನ್ಸು, ಗಾಡಿಯ ಹಿಂದೆಯೂ ಮುಂದೆಯೂ ಬಿಳಿಯ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ, ಪಕ್ಕದಲ್ಲಿ ಲೈಸೆನ್ಸುಳ್ಳ ಶಿಕ್ಷಕರು, ಇವಿಲ್ಲದೆ ಹೊರಡಲೇ ಕೂಡದು.

ಇನ್ನು ಎಡೆಯ ವಿಚಾರ. ಜನವಿಲ್ಲದ ಸ್ಥಳವೆಲ್ಲ ಸುರಕ್ಷಿತವೆಂದು ಹಲವರು ಭಾವಿಸುತ್ತಾರೆ. ಕೆರೆಯ ಏರಿಯ ಮೇಲೆ ಜನವಿರುವುದಿಲ್ಲ. ಆದರೆ ಅದು ಇಕ್ಕಟ್ಟು, ಎರಡು ಕಡೆಯಲ್ಲಿಯೂ ಇಳಿಜಾರು. ಹೊಸಬರು ಗಾಬರಿಯಲ್ಲಿ ಬ್ರೇಕೆಂದು ಆಕ್ಸಿಲರೇಟರನ್ನು ತುಳಿಯುವುದುಂಟು. ಆದುದರಿಂದ ಮೊದಲ ದಿನಗಳ ನೆಲವು ಸಮತಟ್ಟಾಗಿಯೂ ವಿಶಾಲವಾಗಿಯೂ ಇದ್ದು, ಬಾವಿ, ಆಳವಾದ ಚರಂಡಿ, ಗೋಡೆಗಳಿಂದ ದೂರವಾಗಿರಬೇಕು. ಒಳಗೆ ಬರುವವರು ದೂರದಿಂದಲೇ ಕಾಣುವಂತಿರಬೇಕು. ಚಿಕ್ಕ ಮಕ್ಕಳು ಅಲ್ಲಿ ಇರಲೇಬಾರದು. ಹಿಂದಕ್ಕೆ ಬರುವ ಕಾರಿನ ಬೆನ್ನಿಗೆ ಕುಳಿತ ಮಗುವು ಕನ್ನಡಿಯಲ್ಲಿ ಕಾಣಿಸದು. ಸ್ಥಳದ ಒಡೆಯರ ಅಪ್ಪಣೆಯೂ ಬೇಕು. ಸಂತೆಯಿಲ್ಲದ ದಿನದ ಸಂತೆಮೈದಾನ, ಜಾತ್ರೆ ಮುಗಿದ ಬಯಲು, ರಜೆಯ ದಿನದ ಶಾಲಾ ಮೈದಾನ ಇವು ಇಂಥವು. ಇಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಡುವುದನ್ನೂ, ಗುರುತು ಮಾಡಿದ ಕಡೆಯಲ್ಲಿಯೇ ನಿಲ್ಲಿಸುವುದನ್ನೂ ಕಲಿಯಬೇಕು.

ಎರಡನೆಯ ಮೆಟ್ಟಲು, ಊರ ಹೊರಗಿನ ಹೊಸ ಬಡಾವಣೆ. ರಸ್ತೆಗಳಿವೆ, ಮನೆಗಳು ವಿರಳ. ತಿರುವು, ಸನ್ನೆದೀಪ, ಹಿಂದಕ್ಕೆ ನಡೆಸುವುದು ಎಲ್ಲವನ್ನೂ ಅಲ್ಲಿ ಅಭ್ಯಾಸ ಮಾಡಬಹುದು. ಆದರೆ ಭಾನುವಾರದ ಬೆಳಿಗ್ಗೆ ಅಲ್ಲಿಯೇ ಹುಡುಗರ ಕ್ರಿಕೆಟ್ ನಡೆಯುತ್ತದೆ. ಮರಳಿನ ಗುಡ್ಡೆ, ಜಲ್ಲಿ, ಮಲಗಿದ ನಾಯಿಗಳೂ ಇರುತ್ತವೆ. ಹಿರಿಯರು ಮೊದಲು ನಡೆದುಹೋಗಿ ನೋಡಿ ಬರುವುದು ಲೇಸು. ಮೂರನೆಯದು ಹಳ್ಳಿಯ ರಸ್ತೆ: ಎದುರಿನ ಬಸ್ಸಿಗೆ ದಾರಿ ಬಿಡುವುದನ್ನೂ, ದನಗಳಿಗಾಗಿ ತಾಳುವುದನ್ನೂ ಅದು ಕಲಿಸುವುದು. ನಾಲ್ಕನೆಯದು ನಿರ್ಜನವಾದ ಏರು. ಹ್ಯಾಂಡ್‌ಬ್ರೇಕ್ ಎಳೆದು ನಿಂತು, ಹಾಫ್ ಕ್ಲಚ್ಚಿನಲ್ಲಿ ಜಾರದೆ ಹೊರಡುವುದನ್ನು ಇಲ್ಲಿ ಇಪ್ಪತ್ತು ಸಾರಿ ಮಾಡಿದವಳು ಸಂತೆಯ ಬೀದಿಯಲ್ಲಿ ನಮ್ಮಂತೆ ನಡುಗಲಾರಳು. ಪೇಟೆಯೂ ಮಳೆಯೂ ರಾತ್ರಿಯೂ ಇವೆಲ್ಲವುಗಳ ಅನಂತರ.

ವೇಗವನ್ನೂ ಹೀಗೆಯೇ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಗಂಟೆಗೆ 20 ಕಿಲೋಮೀಟರಿನಲ್ಲಿ ಕಾರು ಒಂದು ಸೆಕೆಂಡಿನಲ್ಲಿ ಐದೂವರೆ ಮೀಟರು ಮುಂದರಿಯುವುದು; 40ರಲ್ಲಿ ಹನ್ನೊಂದು. ಬ್ರೇಕ್ ತುಳಿದ ಮೇಲೆ ನಿಲ್ಲಲು ಬೇಕಾಗುವ ದೂರವಾದರೋ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟಾಗುವುದು.

ಮುಂದಿನ ಮೆಟ್ಟಲಿಗೆ ಯಾವಾಗ ಹೋಗಬೇಕು? ದಿನಗಳನ್ನು ಎಣಿಸಬೇಡಿರಿ. ಮಗಳು ತನ್ನ ಪಾದಗಳನ್ನೂ ಗೇರನ್ನೂ ನೋಡುವುದನ್ನು ಬಿಟ್ಟು ದಾರಿಯನ್ನೇ ನೋಡುತ್ತಿದ್ದರೆ ಅವಳು ಸಿದ್ಧಳಾದಳೆಂದು ತಿಳಿಯಿರಿ. ಕಲಿಯುವವರ ಲೈಸೆನ್ಸಿಗೆ ಆರು ತಿಂಗಳ ಅವಧಿಯಿದೆ. ಮೂವತ್ತು ದಿನ ಕಳೆದೊಡನೆ ಪರೀಕ್ಷೆಗೆ ಓಡಬೇಕೆಂಬ ನಿರ್ಬಂಧವಿಲ್ಲ.

ಕೊನೆಗೆ ಒಂದು ಸಂಗತಿ. ಆ ತಂದೆಯವರಿಗೆ ನಾವು ಒಂದು ಶನಿವಾರ ಸಾಯಂಕಾಲ ಮೈದಾನವನ್ನು ಬಿಟ್ಟುಕೊಟ್ಟೆವು. ಗೇಟು ಮುಚ್ಚಿತ್ತು, ನೆಲ ಬರಿದಾಗಿತ್ತು. ಆದರೂ ಕಾರು ಕುಲುಕಿದಾಗಲೆಲ್ಲ ಅವರು ಗದರಿದರು. ಅರ್ಧ ಗಂಟೆಯಲ್ಲಿ ಹುಡುಗಿ ಅಳುತ್ತಾ ಇಳಿದಳು. ಮುಂದಿನ ವಾರ ಅವಳ ಸೋದರಮಾವನು ಬಂದನು. "ನಿಂತುಹೋಯಿತೇ? ಮತ್ತೆ ಹೊರಡು" ಎಂಬುದರ ಹೊರತು ಆತನು ಹೆಚ್ಚೇನೂ ಹೇಳಲಿಲ್ಲ. ಅವಳು ಅಂದು ಸಂಜೆ ನೆಟ್ಟ ಕಲ್ಲುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದಳು. ಸುರಕ್ಷಿತವಾದ ಎಡೆಯು ಪಕ್ಕದ ಆಸನದಿಂದಲೇ ಆರಂಭವಾಗುವುದೆಂದು ನಾವು ವರಾಂಡದಲ್ಲಿ ನಿಂತು ಕಲಿತೆವು.

ಈಗ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಲ್ಲಿ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಹಳೆಯ ವಿದ್ಯಾರ್ಥಿನಿಯರಿಗೆ ಮೈದಾನವು ತೆರೆದಿರುತ್ತದೆ. ಲೈಸೆನ್ಸನ್ನೂ 'ಎಲ್' ಹಲಗೆಯನ್ನೂ ತನ್ನಿರಿ. ತಾಳ್ಮೆಯುಳ್ಳ ಒಬ್ಬ ಹಿರಿಯರನ್ನು ತಪ್ಪದೆ ಕರೆತನ್ನಿರಿ.