ಹಂದಿ ಕೂದಲು, ಬೋರ್ ನೀರು, ಒಂದು ಶೇವಿಂಗ್ ಬ್ರಷ್

ವೆಸ್ಟ್ ಮಾಂಬಲಂನ ಸ್ಟೇಷನ್ ರಸ್ತೆಯಲ್ಲಿರುವ ಫ್ಯಾನ್ಸಿ ಸ್ಟೋರ್‌ಗಳಲ್ಲಿ ಶೇವಿಂಗ್ ಬ್ರಷ್ ಇವತ್ತಿಗೂ ಸಿಗುತ್ತದೆ. ಬಾಚಣಿಗೆ, ಹೇರ್‌ಪಿನ್ನು, ರಬ್ಬರ್ ಬ್ಯಾಂಡುಗಳ ಪಕ್ಕದಲ್ಲಿ ಒಂದು ಡಬ್ಬಿ ತುಂಬ ನಿಲ್ಲಿಸಿಟ್ಟಿರುತ್ತಾರೆ. ಇದು ಯಾವ ಕೂದಲು ಎಂದು ಕೇಳಿ ನೋಡಿ. ‘ಎಲ್ಲಾಮೇ ಒಣ್ಣುದಾನ್ ಸಾರ್’ ಎನ್ನುತ್ತಾರೆ. ಎಲ್ಲಾ ಒಂದೇ ಅಂತೆ.

ಒಂದೇ ಅಲ್ಲ. ಆರು ತಿಂಗಳಿಂದ ಮೂರು ಬ್ರಷ್‌ಗಳನ್ನು ಸರದಿಯಂತೆ ಬಳಸುತ್ತಿದ್ದೇನೆ. ಕೆನ್ನೆಗೆ ತಾಗಿದ ಕ್ಷಣವೇ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಬೆಲೆಗೂ ಆ ವ್ಯತ್ಯಾಸಕ್ಕೂ ನಾವು ಅಂದುಕೊಂಡಷ್ಟು ಸಂಬಂಧ ಇಲ್ಲ.

ಬ್ರಷ್ ಹಿಡಿಯಲು ಕಾರಣ ಚೆನ್ನೈನ ಬೆವರು. ಡಬ್ಬಿ ಒತ್ತಿದರೆ ಬರುವ ಫೋಮ್ ಹಚ್ಚಿ ಎರಡು ನಿಮಿಷದಲ್ಲಿ ಶೇವ್ ಮುಗಿಸಿ ಆಫೀಸ್ ಕ್ಯಾಬ್ ಹತ್ತುವ ಅಭ್ಯಾಸ ನನ್ನದು. ಕುತ್ತಿಗೆ ತುಂಬ ಕೆಂಪು ಗುಳ್ಳೆ. ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು ಒಂದು ಮಾತು ಸೇರಿಸಿದರು: ‘ಗಡ್ಡ ಚೆನ್ನಾಗಿ ನೆನೆಯದೆ ಬ್ಲೇಡು ಮುಟ್ಟಿಸಬೇಡಿ.’ ಒಣಗಿದ ಕೂದಲು ಗಡುಸು. ನೀರು ಹೀರಿದ ಮೇಲೆ ಅದು ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಬ್ರಷ್ ಮಾಡುವ ಕೆಲಸವೂ ಇದೇ. ನೀರನ್ನು ಗಡ್ಡದ ಬುಡಕ್ಕೆ ಒಯ್ಯುತ್ತದೆ, ಮಲಗಿದ ಕೂದಲನ್ನು ಎಬ್ಬಿಸುತ್ತದೆ, ನೊರೆ ಬರಿಸುತ್ತದೆ.

ಮೂರು ಬ್ರಷ್, ಮೂರು ಸ್ವಭಾವ

ಮೊದಲನೆಯದು ಹಂದಿ ಕೂದಲಿನದು. ಇಟಲಿಯ ಬೊಲೊನ್ಯಾದ ಒಮೇಗಾ ಕಂಪನಿಯ ಬ್ರಷ್‌ಗಳು ಈ ಜಾತಿಯಲ್ಲಿ ಪ್ರಸಿದ್ಧ. ಹೊಸತರಲ್ಲಿ ಇದು ತೆಂಗಿನ ನಾರಿನಂತೆ ಚುಚ್ಚುತ್ತದೆ. ಬಳಸುವ ಮೊದಲು ಮೂರು ನಾಲ್ಕು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಡಬೇಕು, ಏಕೆಂದರೆ ಈ ಕೂದಲು ನೀರನ್ನು ತಾನೇ ಕುಡಿಯುತ್ತದೆ. ಒಂದು ತಿಂಗಳು ತಾಳ್ಮೆಯಿಂದ ಬಳಸಿದರೆ ಪ್ರತಿ ಎಳೆಯ ತುದಿಯೂ ಎರಡಾಗಿ, ಮೂರಾಗಿ ಸೀಳುತ್ತದೆ. ಆಗ ತುದಿ ಮೃದು, ಬುಡ ಗಟ್ಟಿ. ನನ್ನಂಥ ಒರಟು ಗಡ್ಡದವರಿಗೆ ಬೇಕಾದದ್ದು ಈ ಜೋಡಿಯೇ.

ಎರಡನೆಯದು ಬ್ಯಾಡ್ಜರ್ ಕೂದಲಿನದು. ಅಮೆರಿಕದಲ್ಲಿರುವ ನಮ್ಮ ಭಾವ ತಂದುಕೊಟ್ಟದ್ದು. ನಮ್ಮ ಕಾವೇರಿ ವನ್ಯಧಾಮದಲ್ಲಿ 2014ರಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ ತರಕರಡಿಗೆ ಈ ಪ್ರಾಣಿ ದೂರದ ನೆಂಟ. ಇದರ ಎಳೆ ನಡುವೆ ದಪ್ಪ, ತುದಿಗೆ ಬರುತ್ತಾ ಸಪೂರ. ಆದ್ದರಿಂದ ಮೊದಲ ದಿನದಿಂದಲೇ ರೇಷ್ಮೆಯಂತೆ ಮೃದು. ನೀರನ್ನೂ ಧಾರಾಳವಾಗಿ ಹಿಡಿಯುತ್ತದೆ. ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂಬ ದರ್ಜೆಗಳಿವೆ. ಆದರೆ ಇವಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆಗೋಲಿಲ್ಲ. ಒಬ್ಬರ ‘ಬೆಸ್ಟ್’ ಇನ್ನೊಬ್ಬರ ‘ಪ್ಯೂರ್’ ಆಗಿರಬಹುದು. ಕೈಗೆ ಹಿತ ನಿಜ, ಆದರೆ ನನ್ನ ಗದ್ದದ ಕೆಳಗಿನ ಅಡ್ಡಾದಿಡ್ಡಿ ಕೂದಲನ್ನು ಎಬ್ಬಿಸುವಷ್ಟು ಬಲ ಇದಕ್ಕಿಲ್ಲ.

ಮೂರನೆಯದು ಸಿಂಥೆಟಿಕ್. ಹಳೆಯ ನೈಲಾನ್ ಬ್ರಷ್ ನೋಡಿದವರು ಮೂಗು ಮುರಿಯುತ್ತಾರೆ. ಅದು ಪಾತ್ರೆ ಉಜ್ಜಿದ ಹಾಗೆ ಇರುತ್ತಿತ್ತು. ಈಗಿನ ಎಳೆಗಳ ತುದಿಯನ್ನು ಸಪೂರ ಮಾಡಿರುತ್ತಾರೆ, ಮುಟ್ಟಿದರೆ ಬ್ಯಾಡ್ಜರ್‌ನಷ್ಟೇ ಮೃದು. ಎಳೆ ನೀರು ಕುಡಿಯುವುದಿಲ್ಲ, ಎಳೆಗಳ ಸಂದಿಯಲ್ಲಷ್ಟೇ ನೀರು ನಿಲ್ಲುತ್ತದೆ. ಹಾಗಾಗಿ ನೆನೆಸುವ ಕೆಲಸವಿಲ್ಲ, ಕ್ರೀಮೂ ಕಡಿಮೆ ಸಾಕು. ಆದರೆ ನೀರು ಸ್ವಲ್ಪ ಹೆಚ್ಚಾದರೆ ಬನಿಯನ್ ಮೇಲೆಲ್ಲ ಸಿಡಿಯುತ್ತದೆ.

ನೀರಿನ ಪಾಲು

ಮೂರು ಬ್ರಷ್ಷೂ ಒಂದು ವಿಷಯದಲ್ಲಿ ಸೋತವು. ನಮ್ಮ ಅಪಾರ್ಟ್‌ಮೆಂಟಿನ ಬಾತ್‌ರೂಮ್ ನಲ್ಲಿಯಲ್ಲಿ ಬರುವುದು ಬೋರ್ ನೀರು. ನಲ್ಲಿಯ ಮೂತಿಗೆ ಬಿಳಿ ಉಪ್ಪು ಕಟ್ಟಿಕೊಂಡಿದೆ. ಇದರಲ್ಲಿ ನೊರೆ ಏಳುತ್ತದೆ, ಒಂದು ನಿಮಿಷದಲ್ಲಿ ಕೂತು ಬಿಡುತ್ತದೆ.

ಕಾರಣ ಹೈಸ್ಕೂಲಿನ ರಸಾಯನಶಾಸ್ತ್ರದಲ್ಲೇ ಇದೆ. ಶೇವಿಂಗ್ ಸೋಪು, ಕ್ರೀಮುಗಳಲ್ಲಿ ಮುಖ್ಯವಾಗಿ ಇರುವುದು ಕೊಬ್ಬಿನಾಮ್ಲಗಳ ಸೋಡಿಯಂ, ಪೊಟ್ಯಾಶಿಯಂ ಲವಣ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಶಿಯಂ ಅದರ ಜೊತೆ ಸೇರಿ ನೀರಿನಲ್ಲಿ ಕರಗದ ಗಸಿಯಾಗುತ್ತವೆ. ನೊರೆಯಾಗಬೇಕಾದ ಸೋಪು ಬಕೆಟ್ಟಿನ ಅಂಚಿಗೆ, ಬ್ರಷ್ಷಿನ ಬುಡಕ್ಕೆ ಅಂಟಿಕೊಳ್ಳುತ್ತದೆ.

ಕೆಳಗಿನ ಸಂಪಿನ ಕೈಪಂಪಿನಲ್ಲಿ ಮೆಟ್ರೋ ವಾಟರ್ ಬರುತ್ತದೆ. ಅದರಿಂದ ಒಂದು ಮಗ್ ತಂದು ಅದೇ ಬ್ರಷ್, ಅಷ್ಟೇ ಕ್ರೀಮಿನಲ್ಲಿ ಪ್ರಯತ್ನಿಸಿದೆ. ಮೊಸರಿನಂಥ ಗಟ್ಟಿ ನೊರೆ, ಶೇವ್ ಮುಗಿಯುವವರೆಗೆ ನಿಂತಿತು. ಮೆಟ್ರೋ ನೀರಿನಲ್ಲಿ ಅಗ್ಗದ ಬ್ರಷ್ ಕೊಟ್ಟ ನೊರೆಯನ್ನು ಬೋರ್ ನೀರಿನಲ್ಲಿ ದುಬಾರಿ ಬ್ಯಾಡ್ಜರ್ ಕೊಡಲಿಲ್ಲ. ಇಷ್ಟು ತಿಳಿಯಲು ನನಗೆ ಎಂಟೆಕ್ ಬೇಕಿರಲಿಲ್ಲ, ಒಂದು ಮಗ್ ನೀರು ಸಾಕಾಯಿತು.

ಒಂದು ಮಗ್ ಎನ್ನುವುದೂ ಸಣ್ಣ ಮಾತಲ್ಲ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬತ್ತಿ ಈ ಊರು ಟ್ಯಾಂಕರ್ ಕಾದು ನಿಂತದ್ದನ್ನು ಇಲ್ಲಿರುವ ಕನ್ನಡಿಗರು ಮರೆತಿಲ್ಲ. ನಲ್ಲಿ ಬಿಟ್ಟುಕೊಂಡು ಶೇವ್ ಮಾಡುವ ಬದಲು ಬ್ರಷ್ ಮತ್ತು ಮಗ್ ಹಿಡಿದರೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಅಪ್ಪನ ಬ್ರಷ್

ಡಿಸೆಂಬರಿನಲ್ಲಿ ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದು ಎರಡು ತಿಂಗಳು ಇದ್ದರು. ಬೆಳಿಗ್ಗೆ ಅಯೋಧ್ಯಾ ಮಂಟಪದವರೆಗೆ ನಡಿಗೆ, ಬಂದ ಮೇಲೆ ಶೇವಿಂಗ್, ಸ್ನಾನ, ಪೂಜೆ. ಅಪ್ಪನ ಬ್ರಷ್ ಗಾಂಧಿ ಬಜಾರಿನಲ್ಲಿ ಕೊಂಡದ್ದು, ನನಗಿಂತ ಹಿರಿಯದು. ಹಿಡಿಯ ಮೇಲಿನ ಅಕ್ಷರ ಅಳಿಸಿಹೋಗಿದೆ.

ಅದು ಯಾವ ಕೂದಲು ಎಂಬ ಕುತೂಹಲ ನನ್ನದು. ಉದುರಿದ ಒಂದು ಎಳೆಯನ್ನು ಊದುಬತ್ತಿಯ ಕಡ್ಡಿಪೆಟ್ಟಿಗೆಯಿಂದಲೇ ಸುಟ್ಟೆ. ಸಿಂಥೆಟಿಕ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇದು ಕೂದಲು ಸುಟ್ಟ ವಾಸನೆ ಬಂದು ಬೆರಳಿಗೆ ಪುಡಿಯಾಯಿತು. ಇನ್ನೊಂದು ಎಳೆಯ ತುದಿಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರೆ ಮೂರಾಗಿ ಸೀಳಿತ್ತು. ಹಂದಿ ಕೂದಲೇ.

ಹಬ್ಬದ ದಿನ ಈರುಳ್ಳಿಯೂ ಒಳಗೆ ಬಾರದ ಮನೆ ನಮ್ಮದು. ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿ ಹೇಳಿದೆ. ಅಪ್ಪ ನೊರೆ ಮುಖದಲ್ಲೇ ನಕ್ಕರು. ‘ಕ್ಷೌರ ಅನ್ನೋದೇ ಮೈಲಿಗೆ ಕಣೋ. ಆಮೇಲೆ ಸ್ನಾನ ಇದ್ದೇ ಇದೆಯಲ್ಲ.’ ಅಮ್ಮನಿಗೆ ಅಷ್ಟು ಸುಲಭವಾಗಿ ಸಮಾಧಾನ ಆಗಲಿಲ್ಲ. ದೇವರ ಮನೆ ಗೋಡೆಗೆ ತಾಗಿದ್ದ ಶೆಲ್ಫಿನಿಂದ ಆ ಬ್ರಷ್ ಅಂದೇ ಬಾಲ್ಕನಿಗೆ ಹೋಯಿತು.

ಅಪ್ಪನ ಮುಂದಿನ ಪ್ರಶ್ನೆ ಬೇರೆ ಇತ್ತು. ‘ಈ ಬ್ರಷ್ಷಿಗೋಸ್ಕರ ಪ್ರಾಣಿ ಕೊಲ್ತಾರೇನೋ?’

ಲೇಬಲ್ ಹೇಳದ ಮಾತು

ಹಂದಿಯ ವಿಷಯದಲ್ಲಿ ಉತ್ತರ ತಕ್ಕಮಟ್ಟಿಗೆ ಸುಲಭ. ಮಾಂಸಕ್ಕೆಂದು ಸಾಕಿದ ಹಂದಿಯ ಕೂದಲು ಉಪ ಉತ್ಪನ್ನ. ಕಾನ್ಪುರ ಈ ವ್ಯಾಪಾರದ ಹಳೆಯ ಕೇಂದ್ರ. ಬ್ಯಾಡ್ಜರ್ ಹಾಗಲ್ಲ. ಅದರ ಕೂದಲು ಬಹುಪಾಲು ಚೀನಾದಿಂದ ಬರುತ್ತದೆ, ಅದಕ್ಕಾಗಿ ಪ್ರಾಣಿಯನ್ನು ಕೊಲ್ಲುತ್ತಾರೆ.

ನಮ್ಮಲ್ಲೇ ಇನ್ನೊಂದು ಕತೆಯಿದೆ. ಚಿತ್ರ ಬರೆಯುವ ಬ್ರಷ್‌ಗಳಿಗಾಗಿ ಮುಂಗುಸಿಗಳನ್ನು ಕೊಲ್ಲುವ ದಂಧೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ದಾಳಿ ನಡೆಸಿತು. ಒಂದು ಕಿಲೋ ಕೂದಲಿಗೆ ಸುಮಾರು 50 ಮುಂಗುಸಿ ಬೇಕು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬಂದಿತ್ತು. ಇದನ್ನು ಕೇಳಿ ಅಪ್ಪ ನಗಲಿಲ್ಲ.

ಯಾವ ಕೂದಲು ಎಂದು ತಿಳಿಯದೆ ಕೊಂಡರೆ ಆರೋಗ್ಯಕ್ಕೂ ಅಪಾಯ ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಕೂದಲಿಗೆ ಅಭಾವ ಬಂದು, ಕುದುರೆ ಕೂದಲನ್ನೇ ಬ್ಯಾಡ್ಜರ್‌ನಂತೆ ಕಾಣಿಸುವ ಹಾಗೆ ಮಾಡಿ ಮಾರಿದರು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಿನಿಂದ ಬ್ರಿಟನ್, ಅಮೆರಿಕಗಳಲ್ಲಿ ಸೈನಿಕರಿಗೂ ನಾಗರಿಕರಿಗೂ ಆಂಥ್ರಾಕ್ಸ್ ಹರಡಿತು. ನಮ್ಮ ರೈತರು ನೆರಡಿ ರೋಗ ಎನ್ನುವುದು ಇದನ್ನೇ. ಕೆಲವರು ಸತ್ತರು.

ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹುಡುಕುವ ನಾವು ದಿನಾ ಮುಖಕ್ಕೆ ಉಜ್ಜುವ ಬ್ರಷ್ಷಿನ ಮೇಲೆ ಏನನ್ನೂ ಹುಡುಕುವುದಿಲ್ಲ. ನಾನು ಸ್ಟೇಷನ್ ರಸ್ತೆಯಲ್ಲಿ ತಿರುವಿ ನೋಡಿದ ಬ್ರಷ್‌ಗಳಲ್ಲಿ ಒಂದರ ಮೇಲೂ ಕೂದಲಿನ ಹೆಸರಿರಲಿಲ್ಲ.

ಕೊಳ್ಳುವವರಿಗೆ

ಕಪ್ಪು ಪಟ್ಟಿ ಕಂಡಾಕ್ಷಣ ಬ್ಯಾಡ್ಜರ್ ಎಂದು ಹೆಚ್ಚು ದುಡ್ಡು ಕೊಡಬೇಡಿ. ಹಂದಿ ಕೂದಲಿಗೂ ಸಿಂಥೆಟಿಕ್‌ಗೂ ಹಾಗೆ ಬಣ್ಣ ಹಾಕುತ್ತಾರೆ. ತುದಿಯನ್ನು ಕೆನ್ನೆಗೆ ಒತ್ತಿ ನೋಡಿ, ಚುಚ್ಚಬಾರದು. ಹೆಬ್ಬೆರಳಿನಿಂದ ಬಗ್ಗಿಸಿ ಬಿಡಿ, ಪುಟಿದು ನೇರ ನಿಲ್ಲಬೇಕು. ಕೂದಲ ಗುಚ್ಛದ ಬುಡದ ವ್ಯಾಸ 22ರಿಂದ 24 ಮಿಲಿಮೀಟರ್ ಇದ್ದರೆ ಹೆಚ್ಚಿನವರ ಮುಖಕ್ಕೆ ಸಾಕು.

ಕುದಿಯುವ ನೀರಿಗೆ ಅದ್ದಬೇಡಿ, ಕೂದಲೂ ಕೆಡುತ್ತದೆ, ಅಂಟೂ ಬಿಡುತ್ತದೆ. ತೊಳೆದು ನೀರು ಕೊಡವಿ, ಗಾಳಿಯಾಡುವ ಕಡೆ ಇಡಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಇಲ್ಲಿಯ ಮಳೆಗಾಲದಲ್ಲಿ ಮುಚ್ಚಿದ ಬಾತ್‌ರೂಮಿನಲ್ಲಿಟ್ಟರೆ ಮುಗ್ಗಲು ವಾಸನೆ ಗ್ಯಾರಂಟಿ. ಬೋರ್ ನೀರಿನವರು ತಿಂಗಳಿಗೊಮ್ಮೆ ಅರ್ಧ ಮಗ್ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಅದರಲ್ಲಿ ಬ್ರಷ್ ಆಡಿಸಿ ತೊಳೆದರೆ ಬುಡಕ್ಕೆ ಕಟ್ಟಿದ ಗಸಿ ಬಿಡುತ್ತದೆ.

ನನ್ನ ಆಯ್ಕೆ ಕೇಳಿದರೆ, ವಾರದ ದಿನಗಳಿಗೆ ಸಿಂಥೆಟಿಕ್. ಬೇಗ ಒಣಗುತ್ತದೆ, ಕ್ಯಾಬ್ ತಪ್ಪುವುದಿಲ್ಲ. ಭಾನುವಾರ, ನೆನೆಸಿಡಲು ಪುರುಸೊತ್ತು ಇದ್ದಾಗ, ಹಂದಿ ಕೂದಲು. ಬ್ಯಾಡ್ಜರ್ ಇರುವಷ್ಟು ದಿನ ಇರುತ್ತದೆ, ಇನ್ನೊಂದು ಕೊಳ್ಳುವುದಿಲ್ಲ. ಕುತ್ತಿಗೆಯ ಗುಳ್ಳೆಗಳು ಎರಡನೇ ತಿಂಗಳಿಗೇ ಇಳಿದವು. ಅದರಲ್ಲಿ ಮುಲಾಮಿನ ಪಾಲೆಷ್ಟು, ಮೆಟ್ರೋ ನೀರಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಮಗ್ ಹಿಡಿದು ಕೆಳಗಿಳಿಯುವುದನ್ನಂತೂ ನಿಲ್ಲಿಸಿಲ್ಲ.