ಒಂದು ಕೋಟೆ, ಹಲವು ಕಾಲ: ಗೋಡೆ ಓದುವುದು ಹೇಗೆ?

ಉಮರ್ಗಾದಿಂದ ಪೂರ್ವಕ್ಕೆ ರಾಜ್ಯದ ಗಡಿ ದಾಟಿದರೆ ಬಸವಕಲ್ಯಾಣ, ಸೋಲಾಪುರದ ದಾರಿ ಹಿಡಿದರೆ ನಳದುರ್ಗ, ನಿಲಂಗಾದ ಈಶಾನ್ಯಕ್ಕೆ ಉದಗೀರ. ಈ ಮೂರು ಕೋಟೆಗಳನ್ನು ಕಟ್ಟಿಸಿದ್ದು ಯಾರೆಂದು ಕೇಳಿದರೆ ಒಬ್ಬರ ಹೆಸರು ಹೇಳಿ ಮುಗಿಸಲಾಗದು. ಕೈ ಬದಲಾದಂತೆಲ್ಲ ಗೋಡೆಯೂ ಬೆಳೆದಿದೆ.

ಹಳೆಯ ಜಾಗವೇ ಏಕೆ?

ನೀರು, ಕಲ್ಲು, ದಾರಿ ಮೂರೂ ಅಲ್ಲಿ ಮೊದಲೇ ಇರುತ್ತವೆ. ಇಂಗ್ಲೆಂಡಿನ ಪೋರ್ಚೆಸ್ಟರ್‌ನಲ್ಲಿ ನಾರ್ಮನ್ನರು ಮೂರನೇ ಶತಮಾನದ ರೋಮನ್ ಕೋಟೆಯ ಗೋಡೆಯನ್ನು ಹೊರಕೋಟೆಯಾಗಿ ಉಳಿಸಿಕೊಂಡು, ಒಂದು ಮೂಲೆಯಲ್ಲಿ ತಮ್ಮ ಕೋಟೆ ಎಬ್ಬಿಸಿದರು. ನಮ್ಮ ಕಲ್ಯಾಣದಲ್ಲೂ, ಅಂದರೆ ಇಂದಿನ ಬಸವಕಲ್ಯಾಣದಲ್ಲೂ, ಹೀಗೇ ಆಯಿತು. ಹನ್ನೊಂದನೇ ಶತಮಾನದಲ್ಲಿ ಚಾಲುಕ್ಯ ಒಂದನೇ ಸೋಮೇಶ್ವರ ಅದನ್ನು ರಾಜಧಾನಿ ಮಾಡಿಕೊಂಡ. ಮುಂದೆ ತುಘಲಕರು, ಬಹಮನಿಗಳು, ಬರೀದಶಾಹಿಗಳು, ಆದಿಲಶಾಹಿಗಳು ಆಳಿದರು. 1657ರಲ್ಲಿ ಔರಂಗಜೇಬ ಮುತ್ತಿಗೆ ಹಾಕಿ ಗೆದ್ದ.

ಕಲ್ಲು ನೋಡಿ

ಚಾಲುಕ್ಯರ ಶಿಲ್ಪಿಗಳು ಕಲ್ಲನ್ನು ನುಣುಪಾಗಿ ಕಡೆದು, ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸುತ್ತಿದ್ದರು. ಸುಣ್ಣದ ಗಾರೆಯ ಗೋಡೆಯಲ್ಲಿ ಕೆತ್ತನೆಯ ಕಂಬವೊಂದು ಅಡ್ಡ ಮಲಗಿದ್ದರೆ, ಅದು ಹಳೆಯ ಕಟ್ಟಡದಿಂದ ಬಂದದ್ದು. ಅಷ್ಟಕ್ಕೇ ಯಾರೋ ಗುಡಿ ಕೆಡವಿದರು ಎನ್ನಬೇಡಿ. ತಾನಾಗಿ ಬಿದ್ದ ಕಟ್ಟಡದ ಕಲ್ಲನ್ನೂ ಜನ ಬಳಸುತ್ತಾರೆ. ಕಲ್ಯಾಣದಲ್ಲೇ ಸಿಕ್ಕ 1326ರ ಶಾಸನ, ತುಘಲಕ್ ಆಡಳಿತದ ಅಧಿಕಾರಿಗಳ ಒಪ್ಪಿಗೆಯಿಂದ ಶಿವಾಲಯವೊಂದು ಜೀರ್ಣೋದ್ಧಾರವಾದ ಸಂಗತಿ ಹೇಳುತ್ತದೆ.

ಬುರುಜು ನೋಡಿ

ತೋಪು ಬಂದ ಮೇಲೆ ಗೋಡೆ ದಪ್ಪವಾಯಿತು. ಗುಂಡಿನ ಹೊಡೆತ ತಡೆಯುವ, ಮೇಲೆ ತೋಪು ತಿರುಗಿಸಲು ಜಾಗವಿರುವ ಬುರುಜುಗಳು ಎದ್ದವು. ನಳದುರ್ಗದ ಎತ್ತರದ ಉಪಳಿ ಬುರುಜು ಈ ಕಾಲದ್ದು.

ನೀರು ನೋಡಿ

ನಳದುರ್ಗದಲ್ಲಿ ಬೋರಿ ನದಿಗೆ ಅಡ್ಡಲಾಗಿ ಎರಡನೇ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ ಕಲ್ಲಿನ ಒಡ್ಡು ಕಟ್ಟಿದರು. ಆ ಒಡ್ಡಿನ ಹೊಟ್ಟೆಯಲ್ಲೇ ಪಾಣಿ ಮಹಲ್ ಎಂಬ ಮಹಲು ಇದೆ. ಮಳೆಗಾಲದಲ್ಲಿ ಒಡ್ಡು ತುಂಬಿದರೆ ‘ನರ’ ಮತ್ತು ‘ಮಾದಿ’ ಎಂಬ ಎರಡು ಕಾಲುವೆಗಳಿಂದ ನೀರು ಧುಮುಕುತ್ತದೆ. ಒಳಗೆ ಕೂತವರ ಕಣ್ಣೆದುರೇ ಜಲಪಾತ! ಕಾವಲು, ಕುಡಿಯುವ ನೀರು, ಅರಸರ ಸುಖ ಮೂರಕ್ಕೂ ಒಂದೇ ಕಟ್ಟೋಣ.

ಪೂಜೆಯ ಜಾಗ ನೋಡಿ

ಉದಗೀರ ಕೋಟೆಯೊಳಗೆ ನೆಲದಡಿ ಉದಾಗೀರ ಮಹಾರಾಜರ ಮಠವಿದೆ. ಊರಿಗೆ ಹೆಸರು ಬಂದದ್ದು ಅವರಿಂದಲೇ ಎಂದು ಜನ ನಂಬುತ್ತಾರೆ. 1636ರಲ್ಲಿ ಮೊಗಲರು ಈ ಕೋಟೆ ಗೆದ್ದರು. 1760ರಲ್ಲಿ ಸದಾಶಿವರಾವ್ ಭಾವು ನಿಜಾಮನ ಸೇನೆಯನ್ನು ಸೋಲಿಸಿದ್ದು ಇದೇ ಉದಗೀರದಲ್ಲಿ. ಧ್ವಜಗಳು ಬದಲಾದವು, ಮಠ ಉಳಿಯಿತು.

ಕೋಟೆಯಲ್ಲಿ ಕೆತ್ತಿದ ಕಲ್ಲು ಕಂಡರೆ ದಯವಿಟ್ಟು ಅಲುಗಿಸಬೇಡಿ, ಅರಿಶಿನ-ಕುಂಕುಮ, ಬಣ್ಣ ಬಳಿಯಬೇಡಿ. ಯಾವ ಸಾಲಿನಲ್ಲಿ, ಯಾವ ಗಾರೆಯ ಜೊತೆ ಕೂತಿದೆ ಎಂಬುದರಿಂದಲೇ ಅದು ಗೋಡೆ ಸೇರಿದ ಕಾಲ ತಿಳಿಯುತ್ತದೆ. ಫೋಟೊ ತೆಗೆದು, ಜಾಗ ಗುರುತಿಸಿ, ಪುರಾತತ್ವ ಇಲಾಖೆಗೆ ತಿಳಿಸಿ. ಕಿತ್ತು ಮನೆಗೆ ಒಯ್ದ ಕಲ್ಲು ಎಷ್ಟೇ ಚಂದವಿದ್ದರೂ ಕೋಟೆಯ ಕಥೆ ಹೇಳಲಾರದು.